ಒಲೆ ಎಲ್ಲೋ, ಹೊಗೆ ಎಲ್ಲೋ: ಕಲ್ಲಿದ್ದಲು, ಪೆಟ್ರೋಲ್, ಗ್ಯಾಸಿನ ಬಗ್ಗೆ ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವನು ನಾನು. ಹಗಲೆಲ್ಲ ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ಸಂಜೆ ಬೆಂಚಿನ ಮೇಲೆ ತೂಕಡಿಸುತ್ತ ಕೂರುತ್ತಿದ್ದ ಹುಡುಗರಲ್ಲಿ ಕೆಲವರು ಇವತ್ತು ಹೋಟೆಲಿನ ಧಣಿಗಳು. ಸಂಘದ ವಾರ್ಷಿಕೋತ್ಸವ, ಯಕ್ಷಗಾನ, ಯಾರದೋ ಮದುವೆ, ಎಲ್ಲಿ ಸಿಕ್ಕರೂ "ಮಾಷ್ಟ್ರೇ, ಒಂದು ಡೌಟು" ಎಂದೇ ಮಾತು ಶುರು. 2025ರಲ್ಲಿ ತಂದೂರಿನ ವಿಷಯಕ್ಕೆ ಪಾಲಿಕೆಯ ನೋಟಿಸು ಬಂದ ಮೇಲಂತೂ ಡೌಟುಗಳೆಲ್ಲ ಹೊಗೆಯ ಸುತ್ತಲೇ. ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿಟ್ಟೆ. ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಇಟ್ಟಿದ್ದೇನೆ.

ಪಳೆಯುಳಿಕೆ ಇಂಧನ ಅಂದರೆ ಡೈನೋಸಾರ್‌ ಕೊಳೆತು ಆದ ಎಣ್ಣೆಯಾ?

ಅಲ್ಲ. ಈ ಕಥೆಯನ್ನು ಯಾರು ಹಬ್ಬಿಸಿದರೋ, ಪ್ರತಿ ವರ್ಷವೂ ಒಬ್ಬ ಹುಡುಗ ಇದನ್ನೇ ಹೇಳುತ್ತಿದ್ದ. ನಮ್ಮ ದೇಶದ ಕಲ್ಲಿದ್ದಲಿನ ಬಹುಪಾಲು 25 ಕೋಟಿ ವರ್ಷಕ್ಕೂ ಹಿಂದಿನ ಜೌಗು ಕಾಡುಗಳದ್ದು. ಆಗಿನ್ನೂ ಡೈನೋಸಾರ್ ಹುಟ್ಟಿಯೇ ಇರಲಿಲ್ಲ. ಮರಗಳು ಬಿದ್ದು, ಕೆಸರಿನಡಿ ಗಾಳಿ ತಾಗದೆ ಕೂತು, ಮೇಲಿನ ಮಣ್ಣಿನ ಭಾರಕ್ಕೂ ಒಳಗಿನ ಬಿಸಿಗೂ ಕಲ್ಲಿದ್ದಲಾದವು. ಪೆಟ್ರೋಲು, ಡೀಸೆಲು, ಗ್ಯಾಸು ಹೆಚ್ಚಾಗಿ ಕಡಲಿನ ತಳಕ್ಕೆ ಇಳಿದ ಕಣ್ಣಿಗೆ ಕಾಣದ ಜೀವಿಗಳಿಂದ ಆದವು. ಮುಂಬೈಯಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರ, ಕಡಲ ನಡುವೆ ಇರುವ ಬಾಂಬೆ ಹೈ ತೈಲಕ್ಷೇತ್ರ ಅಂಥದ್ದು. 1974ರಲ್ಲಿ 'ಸಾಗರ್ ಸಮ್ರಾಟ್' ಎಂಬ ಕೊರೆಯುವ ಹಡಗು ಅಲ್ಲಿ ಎಣ್ಣೆ ಕಂಡಿತು, 1976ರಲ್ಲಿ ಉತ್ಪಾದನೆ ಶುರುವಾಯಿತು.

ಕೋಟಿಗಟ್ಟಲೆ ವರ್ಷ ನೆಲದೊಳಗೆ ಮುಚ್ಚಿಟ್ಟ ಇಂಗಾಲವನ್ನು ನಾವು ಇನ್ನೂರು ಮುನ್ನೂರು ವರ್ಷಗಳಲ್ಲಿ ತೆಗೆದು ಗಾಳಿಗೆ ಬಿಡುತ್ತಿದ್ದೇವೆ. ತಕರಾರು ಇರುವುದು ಈ ಅವಸರದಲ್ಲೇ.

ಹಾಗಾದರೆ ನಮ್ಮ ತಂದೂರಿನ ಇದ್ದಿಲೂ ಪಳೆಯುಳಿಕೆ ಇಂಧನವೇ? ಕೋರ್ಟು ಯಾಕೆ ಬೇಡ ಅಂದಿತು?

ಇದು ಶೆಟ್ರುಗಳ ಪ್ರಶ್ನೆ. ಕೇಳುವಾಗ ಸ್ವಲ್ಪ ಸಿಟ್ಟೂ ಇರುತ್ತದೆ.

ಇದ್ದಿಲು ಬೇರೆ, ಕಲ್ಲಿದ್ದಲು ಬೇರೆ. ಹೆಸರು ಹತ್ತಿರ, ಜಾತಕ ದೂರ. ಇದ್ದಿಲು ಎಂದರೆ ನಿನ್ನೆ ಮೊನ್ನೆ ಬದುಕಿದ್ದ ಮರ. ಆ ಮರ ಗಾಳಿಯಿಂದ ಹೀರಿದ ಇಂಗಾಲವನ್ನೇ ವಾಪಸು ಗಾಳಿಗೆ ಕೊಡುತ್ತದೆ. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆದರೆ ಲೆಕ್ಕ ಸರಿಹೋಗುತ್ತದೆ. ಎಲ್ಲ ಕಡೆ ಬೆಳೆಸುತ್ತಾರೆಯೇ ಎಂಬುದು ಬೇರೆ ಮಾತು. ಕಲ್ಲಿದ್ದಲಿನ ಇಂಗಾಲಕ್ಕೆ ಹಾಗೆ ವಾಪಸು ಹೋಗುವ ದಾರಿ ನಮ್ಮ ಕಾಲದಲ್ಲಿಲ್ಲ.

ಆದರೆ ಬಾಂಬೆ ಹೈಕೋರ್ಟು 2025ರ ಜನವರಿಯಲ್ಲಿ, ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿ, ಹೋಟೆಲುಗಳು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕು ಎಂದಾಗ ಅದರ ಮುಂದಿದ್ದ ಚಿಂತೆ ನಗರದ ಉಸಿರಿನದು, ಭೂಮಿಯ ತಾಪದ್ದಲ್ಲ. ತಂದೂರಿನಿಂದ ಏಳುವ ಸಣ್ಣ ಕಣ ಮರದ್ದೋ ಕಲ್ಲಿದ್ದಲಿನದ್ದೋ ಎಂದು ಶ್ವಾಸಕೋಶ ಕೇಳುವುದಿಲ್ಲ. ಕೂದಲೆಳೆಯ ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಕಣ ಅದು, ನೇರ ಒಳಗಿಳಿಯುತ್ತದೆ. ಮೊದಲು ನುಂಗುವವನು ತಂದೂರಿನ ಎದುರು ನಿಂತ ಹುಡುಗ. ರೊಟ್ಟಿಯ ರುಚಿ ಹೋಯಿತು ಎಂದು ಕೊರಗುವ ಗಿರಾಕಿಗಳು ಆ ಹುಡುಗನ ಜಾಗದಲ್ಲಿ ಏಪ್ರಿಲ್ ತಿಂಗಳ ಒಂದು ರಾತ್ರಿ ನಿಂತು ನೋಡಲಿ.

ಒಂದು ಸಿಲಿಂಡರ್ ಉರಿದರೆ ಎಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ?

ಮನೆಯ 14.2 ಕೆಜಿ ಸಿಲಿಂಡರಿನಿಂದ ಸುಮಾರು 42 ಕೆಜಿ. ಹೋಟೆಲಿನ 19 ಕೆಜಿ ಸಿಲಿಂಡರಿನಿಂದ ಸುಮಾರು 57 ಕೆಜಿ.

"ಅದು ಹೇಗೆ ಮಾಷ್ಟ್ರೇ, ಹಾಕಿದ್ದಕ್ಕಿಂತ ಬಂದದ್ದು ಹೆಚ್ಚು?" ಎಂದು ಇಲ್ಲಿ ಎಲ್ಲರೂ ತಡೆಯುತ್ತಾರೆ. ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಆಗುತ್ತದೆ. ಹೆಚ್ಚಿನ ತೂಕ ಗಾಳಿಯದ್ದು. ಹಾಗೆಯೇ ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕೆಜಿ, ಡೀಸೆಲಿನಿಂದ 2.7 ಕೆಜಿ. ಕಾಣದ್ದಕ್ಕೆ ತೂಕವಿಲ್ಲ ಎಂದುಕೊಂಡಿರುತ್ತೇವೆ, ಅಷ್ಟೇ.

ಗ್ಯಾಸಿನಲ್ಲಿ ಹೊಗೆಯೇ ಇಲ್ಲವಲ್ಲ, ಅದು ಶುದ್ಧ ಅಲ್ಲವೇ?

ಕಲ್ಲಿದ್ದಲು, ಡೀಸೆಲಿಗೆ ಹೋಲಿಸಿದರೆ ಹೌದು. ಟ್ಯಾಕ್ಸಿ, ರಿಕ್ಷಾ, ಬೆಸ್ಟ್ ಬಸ್ಸುಗಳು ಸಿಎನ್‌ಜಿಗೆ ಬದಲಾದ ಮೇಲೆ ಮುಂಬೈ ರಸ್ತೆಯ ಕಪ್ಪು ಹೊಗೆ ಇಳಿದದ್ದನ್ನು ಹಳಬರೆಲ್ಲ ನೋಡಿದ್ದೇವೆ. ಅದೇ ಶಾಖಕ್ಕೆ ಗ್ಯಾಸು ಬಿಡುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನದಕ್ಕಿಂತ ಹತ್ತಿರ ಹತ್ತಿರ ಅರ್ಧ.

ಒಂದು ಎಚ್ಚರ ಬೇಕು. ಸಿಎನ್‌ಜಿ ಆಗಲಿ, ಅಡುಗೆಮನೆಯ ಪೈಪ್ ಗ್ಯಾಸ್ ಆಗಲಿ, ಹೆಚ್ಚಿನ ಪಾಲು ಮೀಥೇನು. ಅದು ಉರಿಯದೆ ಹಾಗೇ ಸೋರಿದರೆ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಸುಮಾರು ಹನ್ನೆರಡು ವರ್ಷದಲ್ಲಿ ಕರಗುತ್ತದೆ ಎಂಬುದೊಂದು ಸಮಾಧಾನ. ಬಾವಿ, ಪೈಪು, ಜೋಡಣೆ ಎಲ್ಲ ಕಡೆ ಸೋರಿಕೆ ತಡೆದರೆ ಮಾತ್ರ ಗ್ಯಾಸಿನ ಒಳ್ಳೆಯ ಹೆಸರು ಉಳಿಯುತ್ತದೆ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ನೂರಕ್ಕೆ 0.04. ಅಷ್ಟರಿಂದ ಭೂಮಿ ಕಾಯುತ್ತದಾ?

ಒಂದು ಹಂಡೆ ಸಾಂಬಾರಿಗೆ ಇಂಗು ಎಷ್ಟು ಹಾಕುತ್ತೀರಿ? ಅಡುಗೆಯವರಿಗೆ ನಾನು ಕೊಡುವ ಉತ್ತರ ಇದು. ಪ್ರಮಾಣ ಕಡಿಮೆ, ಕೆಲಸ ದೊಡ್ಡದು.

ಭೂಮಿ ಬಿಸಿಲನ್ನು ಹೀರಿ ಶಾಖವಾಗಿ ಆಕಾಶಕ್ಕೆ ಬಿಡುತ್ತದೆ. ಸಾರಜನಕ, ಆಮ್ಲಜನಕ ಅದನ್ನು ಸುಮ್ಮನೆ ಹೋಗಗೊಡುತ್ತವೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಹಿಡಿದುಕೊಳ್ಳುತ್ತವೆ. ಇವು ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಹಾಗಾಗಿ ಈ ಅನಿಲಗಳ ಕಂಬಳಿ ಬೇಕು. ದಪ್ಪವಾಗುತ್ತಾ ಹೋದರೆ ಕಷ್ಟ. ಕಾರ್ಖಾನೆಗಳ ಯುಗಕ್ಕೆ ಮೊದಲು ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಪಾಲು ಇದ್ದದ್ದು ಈಗ 420 ದಾಟಿದೆ. 1958ರಿಂದ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಇದನ್ನು ಅಳೆಯುತ್ತಲೇ ಇದ್ದಾರೆ. ಶುರುವಿನಲ್ಲಿ ಸುಮಾರು 315 ಇತ್ತು.

ಇದೆಲ್ಲ ಮೊನ್ನೆ ಮೊನ್ನೆ ಹುಟ್ಟಿದ ವಾದ ಎನ್ನುವವರಿಗೆ: ಈ ಅನಿಲ ಬಿಸಿಲಿಗೆ ಹೆಚ್ಚು ಕಾಯುತ್ತದೆ ಎಂದು ಅಮೆರಿಕದ ಯೂನಿಸ್ ಫೂಟ್ ಎಂಬ ಹೆಂಗಸು 1856ರಲ್ಲೇ ಗಾಜಿನ ಕೊಳವೆ ಇಟ್ಟು ತೋರಿಸಿದ್ದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್, ಇದು ಎರಡು ಪಟ್ಟಾದರೆ ಭೂಮಿ ಎಷ್ಟು ಕಾಯಬಹುದು ಎಂದು ಕೈಯಲ್ಲೇ ಲೆಕ್ಕ ಹಾಕಿದ್ದರು. ಮುಂಬೈಯಲ್ಲಿ ಆಗ ಟ್ರಾಮನ್ನು ಕುದುರೆ ಎಳೆಯುತ್ತಿತ್ತು.

ಜ್ವಾಲಾಮುಖಿಯಿಂದಲೂ ಈ ಅನಿಲ ಬರುತ್ತದಲ್ಲ? ನಮ್ಮದೇ ತಪ್ಪು ಅಂತ ಹೇಗೆ ಗೊತ್ತು?

ಜೀವಂತ ಗಿಡದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಚೂರು ಇರುತ್ತದೆ. ಗಿಡ ಸತ್ತ ಮೇಲೆ 5,730 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತಾ ಹೋಗುತ್ತದೆ. ಕೋಟಿ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಶೂನ್ಯ. ಇಂಥ ಇಂಗಾಲ ಗಾಳಿಗೆ ಸೇರಿದಂತೆ ಗಾಳಿಯ ಕಾರ್ಬನ್-14ರ ಪಾಲು ತೆಳುವಾಗುತ್ತದೆ. ಅಳೆದಾಗ ಹಾಗೇ ಕಂಡಿದೆ. ಹಾಲಿಗೆ ನೀರು ಬೆರೆಸಿದ್ದು ಲ್ಯಾಕ್ಟೋಮೀಟರಿನಲ್ಲಿ ಗೊತ್ತಾದಂತೆ. ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು ಮನುಷ್ಯರು ಬಿಡುವುದರ ನೂರನೇ ಒಂದು ಪಾಲಿಗಿಂತ ಕಡಿಮೆ. ಕಳ್ಳ ಯಾರೆಂದು ಇನ್ನೂ ಹುಡುಕಬೇಕಿಲ್ಲ.

2005ರ ಜುಲೈ 26ರ ಮಳೆಗೂ ಇದೇ ಕಾರಣವಾ?

ಆ ರಾತ್ರಿ ಕುರ್ಲಾದಿಂದ ಚೆಂಬೂರಿಗೆ ಎದೆಮಟ್ಟದ ನೀರಿನಲ್ಲಿ ನಡೆದವನು ನಾನು. ಆದ್ದರಿಂದ ಈ ಪ್ರಶ್ನೆಗೆ ಹುಷಾರಾಗಿ ಉತ್ತರಿಸುತ್ತೇನೆ.

ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿಯಿತು. ಆ ಒಂದು ಮಳೆಗೆ ಇಷ್ಟೇ ಕಾರಣ ಎಂದು ಬೆರಳು ಮಾಡಿ ತೋರಿಸುವುದು ಸರಿಯಲ್ಲ. ಮಳೆ ಮೋಡದ್ದು, ಪ್ರವಾಹ ನಮ್ಮದೂ ಹೌದು. ಮೀಠಿ ನದಿಯನ್ನು ಒತ್ತಿದವರು, ಕಾಂದಳ (ಮ್ಯಾಂಗ್ರೋವ್) ಕಡಿದು ಮಣ್ಣು ತುಂಬಿದವರು, ಗಟಾರಕ್ಕೆ ಪ್ಲಾಸ್ಟಿಕ್ ಎಸೆದವರು ಎಲ್ಲರ ಪಾಲೂ ಇದೆ. ಆದರೆ ಗಾಳಿ ಒಂದು ಡಿಗ್ರಿ ಕಾದರೆ ಸುಮಾರು 7 ಶೇಕಡ ಹೆಚ್ಚು ನೀರಾವಿ ಹೊರುತ್ತದೆ. ಇದು ಭೌತಶಾಸ್ತ್ರ, ಇದರಲ್ಲಿ ಚೌಕಾಸಿ ಇಲ್ಲ. ಹೊತ್ತದ್ದನ್ನು ಒಮ್ಮೆ ಇಳಿಸಲೇಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ, ಮಧ್ಯ ಭಾರತದ ಪಟ್ಟಿಯಲ್ಲಿ ವಿಶಾಲವಾಗಿ ಸುರಿಯುವ ಅತಿಮಳೆ 1950ರಿಂದ 2015ರೊಳಗೆ ಮೂರು ಪಟ್ಟಾಗಿದೆ ಎಂದು ತೋರಿಸಿದರು. ಅದಕ್ಕೆ ತೇವ ಒದಗಿಸುವುದು ನಮ್ಮ ಅರಬ್ಬಿ ಸಮುದ್ರ, ಅದು ಬಿಸಿಯಾಗುತ್ತಿದೆ.

ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯವರ ಪಾಡು ಎಂದುಕೊಂಡಿದ್ದೆವು. 2020ರ ಜೂನಿನಲ್ಲಿ 'ನಿಸರ್ಗ' ಅಲಿಬಾಗ್ ಬಳಿ ದಡ ಹೊಡೆಯಿತು. 2021ರ ಮೇಯಲ್ಲಿ 'ತೌಕ್ತೆ' ಮುಂಬೈ ಪಕ್ಕದಲ್ಲೇ ಹಾದಾಗ, ಬಾಂಬೆ ಹೈ ತೈಲಕ್ಷೇತ್ರದಲ್ಲಿ ಕೆಲಸಗಾರರು ತಂಗಿದ್ದ ಪಿ305 ಎಂಬ ಬಾರ್ಜು ಮುಳುಗಿ ಹತ್ತಾರು ಜನ ಸತ್ತರು. ಎಣ್ಣೆ ತೆಗೆಯಲು ಹೋದವರನ್ನು ಕಾದ ಕಡಲು ನುಂಗಿತು. ಈ ಸಾಲು ಬರೆಯುವಾಗ ಯಾಕೋ ಕೈ ನಿಲ್ಲುತ್ತದೆ.

ಮುಂಬೈಯಲ್ಲಿ ಕಲ್ಲಿದ್ದಲು ಎಲ್ಲಿ ಕಾಣುತ್ತದೆ? ನಮಗೆ ಬರುವುದು ಕರೆಂಟು ತಾನೇ?

ಸ್ವಿಚ್ ಒತ್ತಿದರೆ ಫ್ಯಾನು ತಿರುಗುತ್ತದೆ, ಒಲೆ ಕಾಣುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವವರಿದ್ದರೆ ಇದನ್ನೇ ಓದಿ.

ಮುಂಬೈಯ ಕರೆಂಟಿನ ಕಥೆ ನೀರಿನಿಂದ ಶುರುವಾದದ್ದು. 1915ರಲ್ಲಿ ಖೋಪೋಲಿ, ಆಮೇಲೆ ಭಿವ್‌ಪುರಿ, ಭಿರಾ. ಪಶ್ಚಿಮ ಘಟ್ಟದ ನೀರು ಇಳಿದು ಟರ್ಬೈನು ತಿರುಗಿಸಿ ಪರೇಲ್, ಲಾಲ್‌ಬಾಗ್ ಗಿರಣಿಗಳನ್ನು ಓಡಿಸಿತು. ನಮ್ಮೂರ ಹಿರಿಯರು ಆ ಗಿರಣಿ ಕಾರ್ಮಿಕರಿಗೆ ಚಹಾ, ಇಡ್ಲಿ ಕೊಡುತ್ತಾ ಈ ನಗರದಲ್ಲಿ ಕಾಲೂರಿದರು. ನಗರ ಬೆಳೆದಂತೆ ನೀರು ಸಾಲಲಿಲ್ಲ. 1956ರಲ್ಲಿ ಟ್ರಾಂಬೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬಂತು. 1995ರ ಹೊತ್ತಿಗೆ ಉತ್ತರಕ್ಕೆ ದಹಾಣುವಿನಲ್ಲಿ 500 ಮೆಗಾವ್ಯಾಟಿನ ಇನ್ನೊಂದು. ರಾಜ್ಯದ ದೊಡ್ಡ ಒಲೆಗಳಲ್ಲೊಂದು ಇನ್ನೂ ದೂರ, ವಿದರ್ಭದ ಚಂದ್ರಪುರದಲ್ಲಿದೆ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಜಾಸ್ತಿ, ನೂರು ಕೆಜಿ ಉರಿಸಿದರೆ ಮೂವತ್ತು ಕೆಜಿಗೂ ಮೇಲೆ ಬೂದಿ ಉಳಿಯುತ್ತದೆ. ಅಂದರೆ ಎಸಿ ನಮ್ಮ ಅಂಧೇರಿಯಲ್ಲಿ, ಬೂದಿ ಅವರ ಚಂದ್ರಪುರದಲ್ಲಿ. ಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಬಳಸುತ್ತಾರೆ ನಿಜ. ಉಳಿದದ್ದು ಕೆರೆಯಂಥ ಹೊಂಡಗಳಲ್ಲಿ ಕೂರುತ್ತದೆ, ಬೇಸಿಗೆಯ ಗಾಳಿಗೆ ಏಳುತ್ತದೆ.

2022ರಲ್ಲಿ ಮುಂಬೈ ಪಾಲಿಕೆ ಹೊರತಂದ ಹವಾಮಾನ ಯೋಜನೆಯ ಪ್ರಕಾರ, ನಗರದ ಹಸಿರುಮನೆ ಅನಿಲದಲ್ಲಿ ಸುಮಾರು 72 ಶೇಕಡ ಮನೆ, ಅಂಗಡಿ, ಕಾರ್ಖಾನೆಗಳ ಶಕ್ತಿ ಬಳಕೆಯಿಂದ, ಅದರಲ್ಲೂ ಹೆಚ್ಚಾಗಿ ಕರೆಂಟಿನಿಂದ. ವಾಹನಗಳದ್ದು ಸುಮಾರು 20. ನಾವು ಟ್ರಾಫಿಕ್ಕಿಗೆ ಬೈಯುತ್ತಾ ಎಸಿ ಹದಿನೆಂಟಕ್ಕೆ ಇಟ್ಟುಕೊಳ್ಳುತ್ತೇವೆ.

ಚೆಂಬೂರಿಗೆ 'ಗ್ಯಾಸ್ ಚೇಂಬರ್' ಅಂತ ಹೆಸರು ಯಾಕೆ?

ಇಲ್ಲಿ ನಲವತ್ತು ವರ್ಷ ಉಸಿರಾಡಿದವನಿಗೆ ಈ ತಮಾಷೆ ಹಳಸಿದೆ. 1950ರ ದಶಕದ ನಡುವೆ ಮಾಹುಲ್ ಸುತ್ತ ಎರಡು ತೈಲ ಶುದ್ಧೀಕರಣಾಗಾರಗಳು ಬಂದವು, ಪಕ್ಕದಲ್ಲೇ ಟ್ರಾಂಬೆ ಸ್ಥಾವರ, ಆಮೇಲೆ ಗೊಬ್ಬರ ಕಾರ್ಖಾನೆ, ರಾಸಾಯನಿಕ ತುಂಬಿದ ಟ್ಯಾಂಕುಗಳು. ಆಗ ಇದು ಊರ ಹೊರಗು, ಮಾಹುಲ್ 'ಕೋಲಿ' ಸಮುದಾಯದ ಮೀನುಗಾರರ ಹಳ್ಳಿ. ಊರೇ ಬೆಳೆದು ಚಿಮಣಿಯ ಬುಡಕ್ಕೆ ಬಂತು. ಬಂತು ಎನ್ನುವುದಕ್ಕಿಂತ ಬಡವರನ್ನು ತಂದು ಹಾಕಿದರು. ತಾನ್ಸಾ ನೀರಿನ ಪೈಪ್‌ಲೈನ್ ಬದಿಯ ಜೋಪಡಿಗಳನ್ನು ಕೆಡವಿ ಆ ಕುಟುಂಬಗಳಿಗೆ ಮಾಹುಲ್‌ನ ಕಟ್ಟಡಗಳಲ್ಲಿ ಮನೆ ಕೊಟ್ಟರು. ಗಾಳಿ ತಾಳದೆ ಅವರು ಕೋರ್ಟಿಗೆ ಹೋದರು. 2019ರಲ್ಲಿ ಬಾಂಬೆ ಹೈಕೋರ್ಟು, ಬೇರೆ ಕಡೆ ಬಾಡಿಗೆಗೆ ಇರಲು ತಿಂಗಳಿಗೆ 15,000 ರೂಪಾಯಿ ಕೊಡಿ ಎಂದು ಆದೇಶಿಸಿತು.

ಚಳಿಗಾಲದ ಮಬ್ಬೆಲ್ಲ ಇವುಗಳದ್ದೇ ಅಲ್ಲ ಎಂಬುದನ್ನೂ ಹೇಳಬೇಕು. ಕಟ್ಟಡ ಕಾಮಗಾರಿಯ ಧೂಳು, ರಸ್ತೆಯ ಧೂಳು ದೊಡ್ಡ ಪಾಲು. ಕಡಲ ಗಾಳಿ ಮಂದವಾದಾಗ ಎಲ್ಲ ಒಟ್ಟಾಗಿ ತಲೆಯ ಮೇಲೆ ಕೂರುತ್ತದೆ.

ಊರಿಗೆ ಹೋಗಿ ನೆಮ್ಮದಿಯಾಗಿ ಇರೋಣ ಅಂದರೆ ಅಲ್ಲೂ ಇದೇನಾ?

ಉಡುಪಿ ಜಿಲ್ಲೆಯ ಪಡುಬಿದ್ರಿ ದಾಟುವಾಗ ರೈಲಿನಿಂದಲೇ ಚಿಮಣಿ ಕಾಣುತ್ತದಲ್ಲ! ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರ ಹೊರದೇಶದಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲು ಉರಿಸುತ್ತದೆ, ತಣಿಸಲು ಸಮುದ್ರದ ನೀರು. ಸುತ್ತಲಿನವರ ದೂರು ಬೂದಿಯದ್ದು ಮತ್ತು ಉಪ್ಪು ಹನಿಯದ್ದು. ಅದು ಶಂಕರಪುರ ಮಲ್ಲಿಗೆಯ ಸೀಮೆ. ಅಟ್ಟಿ ಎಂಬ ಕಟ್ಟಿನ ಲೆಕ್ಕದಲ್ಲಿ ಮಾರುವ ಆ ಹೂವು ಬೆಳಗಿನ ಬಸ್ಸಿಗೆ ಮಂಗಳೂರಿಗೂ, ವಿಮಾನದಲ್ಲಿ ನಮ್ಮ ಮಾಟುಂಗಕ್ಕೂ ಬರುತ್ತದೆ. ಗಿಡ ಸೊರಗುತ್ತಿದೆ, ಬಾವಿ ಉಪ್ಪಾಗುತ್ತಿದೆ ಎಂಬ ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, 2022ರಲ್ಲಿ ಪರಿಹಾರ ಕಟ್ಟಬೇಕೆಂಬ ಆದೇಶವೂ ಆಯಿತು. ಒಂದು ಚಿಮಣಿಯಿಂದ ಓಡಿ ಬಂದು ಇನ್ನೊಂದರ ಕೆಳಗೆ ಮನೆ ಮಾಡಿದವರು ನಾವು.

ಸಮುದ್ರಕ್ಕೆ ಏನಾಗುತ್ತಿದೆ?

ಮೊದಲು ಕಣ್ಣಿಗೆ ಕಾಣುವುದು. ಮಳೆಗಾಲದಲ್ಲಿ ಜುಹುವಿನಲ್ಲಿ, ಗೋವಾದ ಬೀಚುಗಳಲ್ಲಿ ಕಾಲಿಗೆ ಅಂಟುವ ಕಪ್ಪು ಡಾಂಬರಿನ ಉಂಡೆ ಕಡಲಿಗೆ ಚೆಲ್ಲಿದ ಎಣ್ಣೆಯದ್ದು. 2010ರ ಆಗಸ್ಟಿನಲ್ಲಿ ಎಂಎಸ್‌ಸಿ ಚಿತ್ರಾ, ಖಲೀಜಿಯಾ ಎಂಬ ಎರಡು ಹಡಗು ಮುಂಬೈ ಬಂದರಿನ ಬಾಯಲ್ಲೇ ಡಿಕ್ಕಿಯಾಗಿ ನೂರಾರು ಟನ್ ಎಣ್ಣೆ ಚೆಲ್ಲಿತು, ಕಾಂದಳ ಕಾಡಿನ ಬೇರುಗಳೆಲ್ಲ ಕಪ್ಪಾದವು. ಮರುವರ್ಷ ಅದೇ ತಿಂಗಳು, ಗುಜರಾತಿಗೆ 60,000 ಟನ್ ಕಲ್ಲಿದ್ದಲು ಒಯ್ಯುತ್ತಿದ್ದ ರಾಕ್ ಕ್ಯಾರಿಯರ್ ಮುಂಬೈ ಹೊರಗಡೆ ಮುಳುಗಿತು.

ಕಾಣದ್ದು ಇನ್ನೂ ದೊಡ್ಡದು. ಭೂಮಿ ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ 90 ಶೇಕಡಕ್ಕೂ ಮೇಲೆ ಕಡಲಿಗೇ ಇಳಿದಿದೆ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡಿನ ಕಾಲು ಭಾಗವನ್ನೂ ಕಡಲೇ ಕುಡಿದಿದೆ. ಕುಡಿದು ಅದರ ಕ್ಷಾರಗುಣ ಇಳಿಯುತ್ತಿದೆ. ಮರುವಾಯಿಯಂಥ ಜೀವಿಗಳಿಗೆ ಚಿಪ್ಪು ಕಟ್ಟಿಕೊಳ್ಳುವುದು ಇದರಿಂದ ಕಷ್ಟವಾಗುತ್ತದೆ.

ಬೂತಾಯಿ ಮೀನು ಸಿಗದಿರುವುದಕ್ಕೂ ಇದೇ ಕಾರಣವಾ?

ಬೂತಾಯಿ ಕಡಲಿನ ಬಿಸಿ ತಂಪಿಗೆ ಬಹಳ ಸೂಕ್ಷ್ಮ, ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೋ ವರ್ಷಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಬೆಳಕು ಹಾಕಿ, ಮರಿ ಸಮೇತ ಬಳಿದು ತರುವ ಬೋಟುಗಳನ್ನು ಬಿಟ್ಟು ಬರೀ ಪೆಟ್ರೋಲಿಗೆ ಬೈದರೆ ಆಗುವುದಿಲ್ಲ.

ಎಲೆಕ್ಟ್ರಿಕ್ ಸ್ಕೂಟರೂ ಕಲ್ಲಿದ್ದಲಿನ ಕರೆಂಟಿನಲ್ಲೇ ಅಲ್ಲವೇ ಓಡುವುದು?

ಹೌದು. ಆದರೂ ಲಾಭವಿದೆ. ಲೆಕ್ಕ ನೋಡಿ: ನೂರು ಕಿ.ಮೀ.ಗೆ ಎಲೆಕ್ಟ್ರಿಕ್ ಸ್ಕೂಟರಿಗೆ ಸುಮಾರು 3 ಯೂನಿಟ್ ಬೇಕು. ನಮ್ಮ ದೇಶದ ಒಂದು ಯೂನಿಟಿಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್. ಒಟ್ಟು ಎರಡು ಕೆಜಿ ಚಿಲ್ಲರೆ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿನದ್ದು ಐದು ಕೆಜಿ. ಪೆಟ್ರೋಲ್ ಎಂಜಿನ್ ತಾನು ಕುಡಿದದ್ದರಲ್ಲಿ ಮುಕ್ಕಾಲು ಪಾಲನ್ನು ಬರೀ ಬಿಸಿಯಾಗಿ ಕಳೆಯುತ್ತದೆ, ವ್ಯತ್ಯಾಸ ಅಲ್ಲಿಂದ ಬಂತು. ಬ್ಯಾಟರಿ ಮಾಡುವಾಗಿನ ಹೊರೆ ಬೇರೆ ಇದೆ, ಓಡಿಸಿದಷ್ಟೂ ಅದು ತೀರುತ್ತದೆ.

ಅದಕ್ಕೂ ಮೇಲಿನದು ಲೋಕಲ್ ಟ್ರೇನು. 1925ರಿಂದ ಕರೆಂಟಿನಲ್ಲಿ ಓಡುತ್ತಿದೆ, ಆದರೂ ಇದನ್ನು ಯಾರೂ 'ಇವಿ' ಎಂದು ಕರೆಯುವುದಿಲ್ಲ. ಕೊಂಕಣ ರೈಲು ಮಾರ್ಗವೂ 2022ರಲ್ಲಿ ಪೂರ್ತಿ ವಿದ್ಯುತ್ತಿಗೆ ಬದಲಾಯಿತು. ಊರಿಗೆ ಮತ್ಸ್ಯಗಂಧ ಹಿಡಿಯಿರಿ, ಟಿಕೆಟ್ ಸಿಕ್ಕರೆ.

ಪೆಟ್ರೋಲಿಗೆ ಎಥೆನಾಲ್ ಬೆರೆಸಿದರೆ ಸಾಕಲ್ಲ?

ವಿದೇಶಿ ಎಣ್ಣೆಯ ಖರ್ಚು ಸ್ವಲ್ಪ ಉಳಿಯುತ್ತದೆ. ಆದರೆ ಎಥೆನಾಲ್ ಮಾಡಲು ಬೇಕಾದ ಅಷ್ಟೂ ಕಬ್ಬಿಗೆ ನೀರು ಯಾವ ಹೊಳೆಯದ್ದು ಎಂದು ಸೋಲಾಪುರದವರನ್ನೂ ವಿಜಯಪುರದವರನ್ನೂ ಕೇಳಿ.

ಅಮೆರಿಕದವರು ಉರಿಸಿದ್ದಕ್ಕೆ ನಾವೇಕೆ ಒಲೆ ಆರಿಸಬೇಕು?

ನ್ಯಾಯವಾದ ಪ್ರಶ್ನೆ. ಇದುವರೆಗೆ ಪಳೆಯುಳಿಕೆ ಇಂಧನದಿಂದ ಗಾಳಿಗೆ ಸೇರಿದ್ದರಲ್ಲಿ ಅಮೆರಿಕದ ಪಾಲು ಸುಮಾರು ನಾಲ್ಕನೇ ಒಂದು. ಇವತ್ತಿಗೂ ಅಲ್ಲಿನ ಒಬ್ಬನ ಪಾಲು ವರ್ಷಕ್ಕೆ 14 ಟನ್ನಿನ ಆಸುಪಾಸು, ಭಾರತದವನದ್ದು ಸುಮಾರು 2 ಟನ್. ಆದರೆ ನಾವು ಜನ ಹೆಚ್ಚು, ಒಟ್ಟು ಲೆಕ್ಕದಲ್ಲಿ ಮೂರನೇ ಸ್ಥಾನ. ಹಾಗಾಗಿಯೇ 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ 2070ಕ್ಕೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟನ್ನೂ ವಾಪಸು ಹೀರಿಸಿ ಲೆಕ್ಕ ಸೊನ್ನೆ, ಎಂದಿತು. ಮುಂಬೈ ಪಾಲಿಕೆ 2050 ಎಂದಿದೆ.

ನನ್ನ ಅಭಿಪ್ರಾಯ ಕೇಳಿದರೆ: ಭಾರತದವನಿಗೆ 2 ಟನ್ ಎನ್ನುವ ಸರಾಸರಿಯ ಹಿಂದೆ ಅಡಗಿಕೊಳ್ಳುವ ಹಕ್ಕು ಚಂದ್ರಪುರದ ಗಣಿ ಕೂಲಿಗಿದೆ. ಎರಡು ಕಾರು, ನಾಲ್ಕು ಎಸಿ ಇಟ್ಟುಕೊಂಡವನಿಗೆ ಇಲ್ಲ.

ಪೇಪರಿನಲ್ಲಿ ಅರ್ಧ ವಿದ್ಯುತ್ ಈಗ ಹಸಿರು ಅಂತ ಬಂದಿತ್ತಲ್ಲ?

2025ರಲ್ಲಿ ಅರ್ಧ ದಾಟಿದ್ದು ಸ್ಥಾಪಿತ ಸಾಮರ್ಥ್ಯ. ಸೋಲಾರ್ ರಾತ್ರಿ ಮಲಗುತ್ತದೆ. ನಿಜವಾಗಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಕಲ್ಲಿದ್ದಲೇ ಇನ್ನೂ ಮುಕ್ಕಾಲಿನ ಹತ್ತಿರ. ನೂರು ಕುರ್ಚಿ ಹಾಕಿದ ಮಾತ್ರಕ್ಕೆ ನೂರು ಗಿರಾಕಿ ಊಟ ಮಾಡಿದಂತಲ್ಲ ಎಂದು ಹೋಟೆಲಿನವರಿಗೆ ನಾನು ಹೇಳಿಕೊಡಬೇಕೇ?

ನಮ್ಮ ಸೊಸೈಟಿ ಏನು ಮಾಡಬಹುದು?

ತಾರಸಿ ನೋಡಿ. 2024ರಲ್ಲಿ ಬಂದ ಸೂರ್ಯಘರ್ ಎಂಬ ತಾರಸಿ ಸೋಲಾರ್ ಯೋಜನೆಯಲ್ಲಿ ಸೊಸೈಟಿಯ ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ಏಳು ಮಹಡಿಯ ಕಟ್ಟಡದ ತಾರಸಿ ಎಲ್ಲ ಮನೆಗೂ ಸಾಲುವುದಿಲ್ಲ, ಲಿಫ್ಟು ಪಂಪಿಗೆ ಸಾಕಾಗಬಹುದು. ತಾರಸಿ ಇಲ್ಲದವರು ಸ್ವಲ್ಪ ಹೆಚ್ಚು ದರ ಕೊಟ್ಟು 'ಹಸಿರು ವಿದ್ಯುತ್' ಬೇಕೆಂದು ತಮ್ಮ ವಿದ್ಯುತ್ ಕಂಪನಿಗೆ ಅರ್ಜಿ ಹಾಕಬಹುದು. ಪಕ್ಕದಲ್ಲಿ ಮೂವತ್ತು ಮಹಡಿ ಎದ್ದು ನೆರಳು ಬೀಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮ್ಮ ಸೊಸೈಟಿಯಲ್ಲಿ ಮೂರು ಮೀಟಿಂಗ್ ಆದ ಮೇಲೆ ನೆನಪಾದದ್ದು ಅದು.

ಇಂಡಕ್ಷನ್ ಒಲೆಗೆ ಹೋಗಬೇಕಾ? ಅದರಲ್ಲಿ ನೀರುದೋಸೆ ಆಗುತ್ತದಾ?

ಮೊದಲ ಪ್ರಶ್ನೆಗೆ ಉತ್ತರ ಹಲವರಿಗೆ ಹಿಡಿಸುವುದಿಲ್ಲ. ಕರೆಂಟು ಕಲ್ಲಿದ್ದಲಿನಿಂದ ಬರುವವರೆಗೆ, ಬರೀ ಇಂಗಾಲದ ಲೆಕ್ಕದಲ್ಲಿ ಗ್ಯಾಸೇ ಮೇಲು. ಇಂಡಕ್ಷನ್ ಶಾಖ ಪೋಲು ಮಾಡದಿದ್ದರೂ, ಅದರ ಕರೆಂಟು ಹುಟ್ಟುವಾಗಲೇ ಸ್ಥಾವರದಲ್ಲಿ ಮೂರರಲ್ಲಿ ಎರಡು ಪಾಲು ಶಾಖ ಪೋಲಾಗಿರುತ್ತದೆ. ತಾರಸಿಯ ಸೋಲಾರೋ ಹಸಿರು ವಿದ್ಯುತ್ತೋ ಇದ್ದರೆ ಲೆಕ್ಕ ತಲೆಕೆಳಗು. ಕಿಟಕಿ ಇಲ್ಲದ ಚಾಳಿನ ಅಡುಗೆಮನೆಯಾದರೆ ಒಳಗಿನ ಗಾಳಿಗಾದರೂ ಇಂಡಕ್ಷನ್ ಒಳ್ಳೆಯದು.

ನೀರುದೋಸೆ ಆಗುತ್ತದೆ. ಕಬ್ಬಿಣದ ಕಾವಲಿ ಬೇಕು, ತಳ ಸಪಾಟಾಗಿರಬೇಕು. ನಡುವೆ ತಗ್ಗಿರುವ ಅಜ್ಜಿಯ ಕಾಲದ ಕಾವಲಿ ಅಲ್ಲಿ ಸರಿಯಾಗಿ ಕಾಯುವುದಿಲ್ಲ, ಹಿಟ್ಟು ಎತ್ತಿ ಸುರಿದರೆ ಅಂಚು ಹಸಿಯಾಗಿಯೇ ಉಳಿಯುತ್ತದೆ. ನಾನು ಮಾಡಿ ನೋಡಿದ್ದೇನೆ.